ಟ್ರಾಮಿಗೆ ದಾರಿ ಬಿಟ್ಟ ಸೂಜಿ

ಮಳೆಗಾಲದಲ್ಲಿ ಮುಂಬಯಿಯ ಯಾವ ಪತ್ರಿಕೆ ತೆರೆದರೂ ಎರಡು ಹೆಸರು ಕಣ್ಣಿಗೆ ಬೀಳುತ್ತವೆ: ಸಾಂತಾಕ್ರೂಜ್‌ನಲ್ಲಿ ಇಷ್ಟು ಮಿಲಿಮೀಟರ್, ಕೊಲಾಬಾದಲ್ಲಿ ಇಷ್ಟು. ಕೊಲಾಬಾ ಎಂದರೆ ಮಳೆಯ ಲೆಕ್ಕ ಎಂದೇ ಊರಿನವರಿಗೆ ರೂಢಿ. ಅಲ್ಲಿನ ವೀಕ್ಷಣಾಲಯ ಪಾತಾಳದ ಲೆಕ್ಕವನ್ನೂ ಬರೆದಿಟ್ಟಿದೆ ಎಂಬುದು ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಅದನ್ನು ಕಟ್ಟಿಸಿದ್ದು ನಕ್ಷತ್ರ ನೋಡಲಿಕ್ಕೆ, ಹೊತ್ತು ಲೆಕ್ಕ ಇಡಲಿಕ್ಕೆ. ಅಯಸ್ಕಾಂತದ ಅಳತೆ ಶುರುವಾದದ್ದು 1841ರಲ್ಲಿ, ಆರ್ಥರ್ ಬೆಡ್‌ಫರ್ಡ್ ಓರ್ಲೆಬಾರ್ ಅವರ ಕಾಲದಲ್ಲಿ. ಸೂಜಿ ಯಾವ ದಿಕ್ಕಿಗೆ ನಿಂತಿದೆ, ಎಷ್ಟು ಬಲದಿಂದ ಎಳೆಯುತ್ತಿದೆ ಎಂದು ಗಂಟೆಗಂಟೆಗೆ ನೋಡಿ ಬರೆಯುವುದು. ಇದಕ್ಕಿಂತ ಬೇಸರದ ನೌಕರಿ ಇರಲಾರದು. 1859ರ ಸೆಪ್ಟೆಂಬರ್ 2ರಂದು ಮಾತ್ರ ಆ ಸೂಜಿ ಹುಚ್ಚೆದ್ದು ಕುಣಿಯಿತು. ಸೂರ್ಯನಿಂದ ಬಂದ ಬಿರುಗಾಳಿಗೆ ಕ್ಷೇತ್ರದ ಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ಕೊಲಾಬಾದ ಪುಸ್ತಕಗಳಲ್ಲಿದೆ. ಜಗತ್ತಿನ ವಿಜ್ಞಾನಿಗಳು ಇಂದಿಗೂ ಆ ದಾಖಲೆಯನ್ನು ಹುಡುಕಿಕೊಂಡು ಬರುತ್ತಾರೆ.

ಬಿರುಗಾಳಿ ಸೂರ್ಯನದು, ಒಂದೆರಡು ದಿನದ ಮಾತು. ಅದು ಅಡಗಿದ ಮೇಲೂ ಸೂಜಿ ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟು ಸರಿಯುತ್ತಲೇ ಇತ್ತು. ಈ ಸರಿದಾಟದ ಮೂಲ ಇರುವುದು ನಮ್ಮ ಕಾಲ ಕೆಳಗೆ, 2,900 ಕಿಲೋಮೀಟರ್ ಆಳದಲ್ಲಿ.

ಅದನ್ನು ಹಿಡಿಯಬೇಕಾದರೆ ದಶಕಗಟ್ಟಲೆ ಒಂದೇ ಸಮನೆ ಅಳೆಯಬೇಕು. ಆ ಸರಪಳಿ ಕಡಿಯುವ ಹೊತ್ತು 1900ರ ಸುಮಾರಿಗೆ ಬಂತು. ಮುಂಬಯಿಯ ಕುದುರೆ ಟ್ರಾಮನ್ನು ವಿದ್ಯುತ್ ಟ್ರಾಮಾಗಿಸುವ ತೀರ್ಮಾನವಾಯಿತು. ಕಂಬಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ ಸೂಜಿಯನ್ನು ಅಲ್ಲಾಡಿಸುತ್ತದೆ; ಆಮೇಲೆ ಬರೆದುಕೊಂಡ ಅಂಕಿ ಭೂಮಿಯದೋ ಟ್ರಾಮಿನದೋ ಹೇಳುವವರಾರು? ಆಗ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದವರು ನಾನಾಭಾಯಿ ಅರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಹುದ್ದೆಗೇರಿದ ಮೊದಲ ಭಾರತೀಯ. ನಗರ ಟ್ರಾಮನ್ನು ಬಿಡುವುದಿಲ್ಲವೆಂದ ಮೇಲೆ ಸೂಜಿಯೇ ನಗರ ಬಿಡಬೇಕಾಯಿತು. ಸಮುದ್ರದ ಆಚೆ ಅಲಿಬಾಗಿನಲ್ಲಿ, ಅಯಸ್ಕಾಂತ ಗುಣವಿಲ್ಲದ ಪೋರಬಂದರಿನ ಕಲ್ಲಿನಿಂದ ಹೊಸ ಮನೆ ಎದ್ದಿತು.

ಮೂಸ್ ಅವರ ನಿಜವಾದ ಜಾಣತನ ಕಾಣುವುದು ನಂತರದ ಹೆಜ್ಜೆಯಲ್ಲಿ. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳತೆ ನಡೆಯಿತು. ಕೊಲಾಬಾದ ಅಂಕಿಗೂ ಅಲಿಬಾಗಿನ ಅಂಕಿಗೂ ಎಷ್ಟು ಅಂತರ ಎಂಬುದು ಗೊತ್ತಾದದ್ದರಿಂದ ಹಳೆಯ ಸರಪಳಿಗೆ ಹೊಸ ಕೊಂಡಿ ಬೆಸೆದುಕೊಂಡಿತು. 1907ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮು ಓಡಿತು, 1964ರಲ್ಲಿ ನಿಂತೂ ಹೋಯಿತು. ಅಲಿಬಾಗಿನ ಅಳತೆ ನಿಂತಿಲ್ಲ.

ಅಷ್ಟರಲ್ಲಿ ಪಾತಾಳದ ಸುದ್ದಿ ಬೇರೆ ದಾರಿಯಿಂದ ಬರತೊಡಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ಅಲೆಗಳನ್ನು ಅಭ್ಯಸಿಸಿದ್ದರು. ಭೂಮಿಗೆ ಬೇರೆಯದೇ ಆದ ತಿರುಳೊಂದಿದೆ ಎಂದು 1906ರಲ್ಲಿ ತೋರಿಸಿದರು. ಆ ಭೂಕಂಪದ ಬೆನ್ನಿಗೇ ಮಿಲ್ನ್ ಭೂಕಂಪಮಾಪಕ ಬಂದ ಕೆಲವೇ ತಾಣಗಳಲ್ಲಿ ಕೊಲಾಬಾವೂ ಒಂದು. ಹೊರ ತಿರುಳು ದ್ರವ ಎಂಬುದು 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ಅವರಿಂದ ಸ್ಪಷ್ಟವಾಯಿತು. ಅದರೊಳಗೊಂದು ಒಳ ತಿರುಳಿದೆ ಎಂದು 1936ರಲ್ಲಿ ಕಂಡುಕೊಂಡವರು ಡೆನ್ಮಾರ್ಕಿನ ಇಂಗೆ ಲೆಹ್ಮನ್.

ತಿರುಳು ಕಬ್ಬಿಣದ್ದು, ಜೊತೆಗೆ ಚೂರು ನಿಕ್ಕಲ್ ಎಂದು ನಾವೆಲ್ಲ ಶಾಲೆಯಲ್ಲಿ ಉರುಹೊಡೆದಿದ್ದೇವೆ. ಲೆಕ್ಕ ಹಾಗೆ ಕೂಡಿಬರುವುದಿಲ್ಲ. ಅಮೆರಿಕದ ಫ್ರಾನ್ಸಿಸ್ ಬರ್ಚ್ 1952ರಲ್ಲಿ ತೋರಿಸಿದಂತೆ, ಆ ಒತ್ತಡದಲ್ಲಿ ಶುದ್ಧ ಕಬ್ಬಿಣ ಇರಬೇಕಾದದ್ದಕ್ಕಿಂತ ಹೊರ ತಿರುಳು ಶೇಕಡಾ 10ರಷ್ಟು ಹಗುರ. ಅಂದರೆ ಹಾಲಿಗೆ ನೀರು ಬೆರೆತ ಹಾಗೆ ಕಬ್ಬಿಣಕ್ಕೆ ಹಗುರ ಧಾತು ಯಾವುದೋ ಬೆರೆತಿದೆ. ಬರ್ಚ್ ಅದೇ ಪ್ರಬಂಧದಲ್ಲಿ ತಮಾಷೆಯನ್ನೂ ಮಾಡಿದ್ದಾರೆ: ಭೂಮಿಯೊಳಗಿನ ಒತ್ತಡಕ್ಕೆ ಮಾತು ಕೂಡ ರೂಪ ಬದಲಿಸುತ್ತದೆ, 'ಬಹುಶಃ' ಎಂಬುದು 'ನಿಸ್ಸಂದೇಹವಾಗಿ' ಆಗಿಬಿಡುತ್ತದೆ, ಎಂದು.

ಬೆರೆತದ್ದು ಯಾವುದು? ಗಂಧಕ, ಸಿಲಿಕಾನ್, ಆಮ್ಲಜನಕ, ಇಂಗಾಲ, ಜಲಜನಕ ಇವೆಲ್ಲ ಸಾಲಿನಲ್ಲಿವೆ. ವಜ್ರದ ತುದಿಗಳ ನಡುವೆ ಕಬ್ಬಿಣದ ಚೂರು ಹಿಂಡಿ, ಲೇಸರ್‌ನಿಂದ ಕಾಯಿಸಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ಪರಮಾಣುಗಳನ್ನು ಲೆಕ್ಕಹಾಕುತ್ತಾರೆ. ಒಂದೇ ಧಾತುವಿನಿಂದ ಎಲ್ಲ ಅಳತೆಗೂ ಉತ್ತರ ಸಿಕ್ಕಿಲ್ಲ. ಆಮ್ಲಜನಕದ ಪರ ಒಂದು ವಾದ ಗಟ್ಟಿಯಾಗಿದೆ: ಹೆಪ್ಪುಗಟ್ಟುವ ಕಬ್ಬಿಣ ಅದನ್ನು ಒಳಗೆ ಸೇರಿಸಿಕೊಳ್ಳದೆ ದ್ರವಕ್ಕೆ ತಳ್ಳುತ್ತದೆ. ಒಳ ತಿರುಳಿಗೂ ಹೊರ ತಿರುಳಿಗೂ ಇರುವ ಸಾಂದ್ರತೆಯ ಅಂತರಕ್ಕೆ ಇದು ಹೊಂದುತ್ತದೆ.

ಇಲ್ಲಿಗೆ ಸೂಜಿಯ ಕಥೆ ತಿರುಳಿನ ಕಥೆಯನ್ನು ಸೇರುತ್ತದೆ. ಒಳ ತಿರುಳು ನಿಧಾನವಾಗಿ ಬೆಳೆಯುತ್ತಿದೆ. ಹಾಗೆ ಹೊರಬಿದ್ದ ಹಗುರ ಧಾತು ತುಂಬಿದ ದ್ರವ ಮೇಲಕ್ಕೇಳುತ್ತದೆ, ಇಡೀ ಹೊರ ತಿರುಳನ್ನು ಕಲಕುತ್ತದೆ. ಭೂಮಿಯ ಅಯಸ್ಕಾಂತ ಕ್ಷೇತ್ರವನ್ನು ಉಳಿಸಿರುವ ಮುಖ್ಯ ಎಂಜಿನ್ ಇದೇ ಎಂದು ಇಂದಿನ ತಿಳಿವಳಿಕೆ. ಕೊಲಾಬಾದ ಗುಮಾಸ್ತರು ಗಂಟೆಗೊಮ್ಮೆ ಬರೆದ ಅಂಕಿಗಳಲ್ಲಿ ಆ ಕಲಕಾಟದ ಗುರುತಿದೆ.

1969ರ ಸುಮಾರಿಗೆ ಜಗತ್ತಿನ ಹಲವು ಕೇಂದ್ರಗಳಲ್ಲಿ ಕ್ಷೇತ್ರ ಬದಲಾಗುವ ವೇಗ ಇದ್ದಕ್ಕಿದ್ದಂತೆ ತಿರುವು ತೆಗೆದುಕೊಂಡಿತು. ತಿರುವು ಎನ್ನಲು ಅದರ ಹಿಂದಿನ ದಶಕಗಳ ಅಂಕಿಯೂ ಕೈಯಲ್ಲಿರಬೇಕು. 1971ರಲ್ಲಿ ಸ್ವಾಯತ್ತ ಸಂಸ್ಥೆಯಾದ ಭಾರತೀಯ ಭೂಕಾಂತತ್ವ ಸಂಸ್ಥೆಯ ಬಳಿ ಆ ಅಂಕಿ 1841ರಿಂದಲೂ ಇದೆ.