ಹಿರಿಯ ಮಹಿಳೆಯರಲ್ಲಿ ಬಲವರ್ಧಕ ವ್ಯಾಯಾಮ

ಬಲವರ್ಧಕ ವ್ಯಾಯಾಮವೆಂದರೆ ತೂಕದ ಗುಂಡು, ರಬ್ಬರ್ ಪಟ್ಟಿ, ಯಂತ್ರ ಅಥವಾ ಸ್ವಂತ ದೇಹದ ಭಾರದ ವಿರುದ್ಧ ಸ್ನಾಯುಗಳನ್ನು ದುಡಿಸುವ ಮತ್ತು ಆ ಭಾರವನ್ನು ಕ್ರಮೇಣ ಹೆಚ್ಚಿಸುತ್ತ ಹೋಗುವ ವ್ಯಾಯಾಮ ಪದ್ಧತಿ. ಋತುಬಂಧದ ನಂತರದ ವಯಸ್ಸಿನ ಮಹಿಳೆಯರಲ್ಲಿ ಇದು ಸ್ನಾಯುಗಳ ಬಲವನ್ನೂ ಮೂಳೆಗಳ ಸಾಂದ್ರತೆಯನ್ನೂ ಕಾಪಾಡುವುದಲ್ಲದೆ, ಜೀವಕೋಶಗಳ ಮಟ್ಟದಲ್ಲಿಯೂ ಬದಲಾವಣೆಗಳನ್ನು ಉಂಟುಮಾಡುತ್ತದೆ. ವಯಸ್ಸಾದ ಹೆಂಗಸರು ಭಾರ ಎತ್ತಬಾರದೆಂಬ ರೂಢಿಯ ತಿಳಿವಳಿಕೆಯನ್ನು 1990ರಿಂದೀಚಿನ ಸಂಶೋಧನೆಗಳು ಬಹುಮಟ್ಟಿಗೆ ತಳ್ಳಿಹಾಕಿವೆ.

ವಯಸ್ಸು ಮತ್ತು ಸ್ನಾಯುಗಳ ಕ್ಷೀಣತೆ

ವಯಸ್ಸಿನೊಡನೆ ಸ್ನಾಯುರಾಶಿಯೂ ಬಲವೂ ಕುಗ್ಗುವ ಸ್ಥಿತಿಗೆ ಸಾರ್ಕೊಪೀನಿಯ ಎಂದು ಹೆಸರು. ಗ್ರೀಕ್ ಭಾಷೆಯ ‘ಮಾಂಸ’ ಮತ್ತು ‘ಕೊರತೆ’ ಎಂಬ ಅರ್ಥದ ಎರಡು ಪದಗಳನ್ನು ಕೂಡಿಸಿ ಈ ಹೆಸರನ್ನು 1989ರಲ್ಲಿ ಸೂಚಿಸಿದವರು ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್. ಅದಕ್ಕೆ ಮೊದಲು ಇದು ಮುಪ್ಪಿನ ಸಹಜ ಲಕ್ಷಣವೆಂದೇ ಪರಿಗಣಿತವಾಗಿದ್ದು, ಪ್ರತ್ಯೇಕ ಹೆಸರನ್ನೂ ಪಡೆದಿರಲಿಲ್ಲ.

ಮಹಿಳೆಯರ ಸ್ನಾಯುರಾಶಿ ಯೌವನದಲ್ಲಿಯೇ ಪುರುಷರಿಗಿಂತ ಕಡಿಮೆ. ಆದುದರಿಂದ ನಷ್ಟವನ್ನು ತಾಳಿಕೊಳ್ಳುವ ಶಕ್ತಿಯೂ ಕಡಿಮೆ. ಋತುಬಂಧದ ಬಳಿಕ ಈಸ್ಟ್ರೋಜನ್ ಹಾರ್ಮೋನು ಇಳಿದಾಗ ಮೂಳೆ ವೇಗವಾಗಿ ಸವೆಯುತ್ತದೆ. ಸ್ನಾಯುಗಳ ದುರಸ್ತಿಯೂ ನಿಧಾನವಾಗುತ್ತದೆ. ಮೊದಲು ಸೊರಗುವುದು ವೇಗವಾಗಿ ಸಂಕುಚಿಸುವ ಎರಡನೆಯ ಬಗೆಯ ಸ್ನಾಯುತಂತುಗಳು. ಬಚ್ಚಲಿನಲ್ಲಿ ಕಾಲು ಜಾರಿದಾಗ ತಟ್ಟನೆ ಮೈಯನ್ನು ಹಿಡಿದು ನಿಲ್ಲಿಸಬೇಕಾದವು ಇವೇ. ಬೀಳುವ ಸಂಭವ ಹೆಚ್ಚುವುದೂ ಬಿದ್ದರೆ ಮುರಿಯುವಂತೆ ಮೂಳೆ ತೆಳುವಾಗುವುದೂ ಒಂದೇ ಕಾಲದಲ್ಲಿ ಒದಗುವುದರಿಂದ, ಸೊಂಟದ ಮೂಳೆಮುರಿತವು ಅನೇಕ ವೃದ್ಧೆಯರ ಸ್ವಾವಲಂಬನೆಯನ್ನೇ ಕೊನೆಗಾಣಿಸುತ್ತದೆ.

ಏಷ್ಯಾದ ತಜ್ಞರ ಸಮಿತಿಯು 2019ರಲ್ಲಿ ನೀಡಿದ ಮಾನದಂಡದಂತೆ, ಮಹಿಳೆಯ ಕೈಹಿಡಿತದ ಬಲ 18 ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಅದು ಸ್ನಾಯುಬಲದ ಕೊರತೆ. ಕುರ್ಚಿಯಿಂದ ಕೈಯೂರದೆ ಐದು ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಸಮಯ ಹಿಡಿದರೆ ಅದೂ ಎಚ್ಚರಿಕೆಯ ಸೂಚನೆ.

ಜೀವಕೋಶಗಳಲ್ಲಿ ನಡೆಯುವ ಬದಲಾವಣೆ

ಸ್ನಾಯುತಂತುವು ಅನೇಕ ಕೋಶಕೇಂದ್ರಗಳುಳ್ಳ ಉದ್ದನೆಯ ಜೀವಕೋಶ. ಅದು ತಾನೇ ವಿಭಜನೆಗೊಂಡು ಹೆಚ್ಚಲಾರದು. ಭಾರದ ಒತ್ತಡ ಬಿದ್ದಾಗ ಅದರೊಳಗಿನ ಎಂಟಾರ್ ಎಂಬ ಸಂಕೇತವ್ಯವಸ್ಥೆ ಚುರುಕಾಗಿ ಪ್ರೋಟೀನಿನ ತಯಾರಿಕೆ ಹೆಚ್ಚುತ್ತದೆ. ತಂತುವಿನ ಹೊರ ಅಂಚಿಗೆ ಅಂಟಿಕೊಂಡಿರುವ ಸ್ಯಾಟಲೈಟ್ ಕೋಶಗಳು ಎಚ್ಚೆತ್ತು, ವೃದ್ಧಿಯಾಗಿ, ತಂತುವಿನೊಡನೆ ಬೆರೆತು ಹೊಸ ಕೋಶಕೇಂದ್ರಗಳನ್ನು ಒದಗಿಸುತ್ತವೆ. ಈ ಕೋಶಗಳನ್ನು 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದವರು ಅಲೆಕ್ಸಾಂಡರ್ ಮೌರೊ. ಮುಪ್ಪಿನಲ್ಲಿ ಇವುಗಳ ಸಂಖ್ಯೆ ಇಳಿಯುತ್ತದೆಯಾದರೂ ಸಾಮರ್ಥ್ಯ ಪೂರ್ತಿಯಾಗಿ ನಶಿಸುವುದಿಲ್ಲ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ವಿಷಯದಲ್ಲಿ 2007ರ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಸೈಮನ್ ಮೆಲೊವ್ ಮತ್ತು ಸಂಗಡಿಗರು ಆರೋಗ್ಯವಂತ ಹಿರಿಯ ಸ್ತ್ರೀಪುರುಷರ ತೊಡೆಯ ಸ್ನಾಯುವಿನ ತುಣುಕುಗಳನ್ನು ಯುವಜನರ ತುಣುಕುಗಳೊಡನೆ ಹೋಲಿಸಿದರು. ವಯಸ್ಸಿನೊಡನೆ ವ್ಯತ್ಯಾಸಗೊಂಡ ವಂಶವಾಹಿಗಳಲ್ಲಿ ಹಲವು ಮೈಟೊಕಾಂಡ್ರಿಯಕ್ಕೆ ಸಂಬಂಧಿಸಿದವು. ಹಿರಿಯರಲ್ಲಿ 14 ಮಂದಿ ವಾರಕ್ಕೆರಡು ದಿನದಂತೆ ಆರು ತಿಂಗಳು ಬಲವರ್ಧಕ ವ್ಯಾಯಾಮ ಮಾಡಿದ ಮೇಲೆ, 179 ವಂಶವಾಹಿಗಳ ಅಭಿವ್ಯಕ್ತಿ ಯುವಜನರ ಮಾದರಿಯ ಕಡೆಗೆ ಹಿಂದಿರುಗಿತು. ಮೊದಲು ಯುವಜನರಿಗಿಂತ ಶೇ. 59ರಷ್ಟು ಕಡಿಮೆಯಿದ್ದ ಅವರ ಬಲದ ಅಂತರ ಶೇ. 38ಕ್ಕೆ ಇಳಿಯಿತು. ಇದರಿಂದ ಮುಪ್ಪೇ ಹಿಂದೆ ಸರಿಯಿತೆಂದು ಸಾರುವುದು ಅತಿಶಯೋಕ್ತಿ. ಬದಲಾದದ್ದು ಸ್ನಾಯುವಿನ ಕೆಲವು ವಂಶವಾಹಿಗಳ ನಡವಳಿಕೆ ಮಾತ್ರ.

ಮೈಟೊಕಾಂಡ್ರಿಯದ ಕಾರ್ಯಕ್ಷಮತೆಯೊಂದನ್ನೇ ನೋಡಿದರೆ, ತೀವ್ರಗತಿಯ ಏರೋಬಿಕ್ ವ್ಯಾಯಾಮ ಮೇಲು. ಅಮೆರಿಕದ ಮೇಯೊ ಕ್ಲಿನಿಕ್ 2017ರಲ್ಲಿ ಪ್ರಕಟಿಸಿದ 12 ವಾರಗಳ ಅಧ್ಯಯನದಲ್ಲಿ ಅಂಥ ವ್ಯಾಯಾಮದಿಂದ ಹಿರಿಯರ ಮೈಟೊಕಾಂಡ್ರಿಯದ ಸಾಮರ್ಥ್ಯ ಶೇ. 69ರಷ್ಟು ಏರಿತು. ಬಲವರ್ಧಕ ವ್ಯಾಯಾಮದ ಮುಖ್ಯ ಫಲ ಸ್ನಾಯುರಾಶಿ ಮತ್ತು ಬಲದಲ್ಲಿ ಕಂಡಿತು. ನಡಿಗೆಯೂ ಭಾರವೂ ಒಂದರ ಬದಲಿಗೆ ಇನ್ನೊಂದಲ್ಲ.

ಪ್ರಮುಖ ಪ್ರಯೋಗಗಳು

ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಅವರು 90 ವರ್ಷದ ಆಸುಪಾಸಿನ 10 ಮಂದಿಗೆ ತರಬೇತಿ ಆರಂಭಿಸಿ, ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಎಂಟು ವಾರಗಳ ತರಬೇತಿ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. 1994ರಲ್ಲಿ ಅವರೇ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಸರಾಸರಿ 87 ವಯಸ್ಸಿನ 100 ಮಂದಿ ಇದ್ದರು. ಅವರಲ್ಲಿ ಮಹಿಳೆಯರೇ ಹೆಚ್ಚು. ಹತ್ತು ವಾರಗಳಲ್ಲಿ ಬಲ ಶೇ. 113ರಷ್ಟು ಏರಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಪಡೆದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಡಬ್ಬಿಯ ಪುಡಿಗಳನ್ನು ನೆಚ್ಚುವವರು ಗಮನಿಸಬೇಕಾದ ಸಂಗತಿಯಿದು.

ಮೂಳೆಗೆ ಸಂಬಂಧಿಸಿ ಮಿರಿಯಮ್ ನೆಲ್ಸನ್ 1994ರಲ್ಲಿ 50ರಿಂದ 70 ವರ್ಷದ 39 ಮಹಿಳೆಯರ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಒಂದು ವರ್ಷದಲ್ಲಿ ವ್ಯಾಯಾಮ ಮಾಡಿದವರ ತೊಡೆಮೂಳೆಯ ಕತ್ತಿನ ಸಾಂದ್ರತೆ ಶೇ. 0.9ರಷ್ಟು ಹೆಚ್ಚಿತು, ಮಾಡದವರಲ್ಲಿ ಶೇ. 2.5ರಷ್ಟು ಕಡಿಮೆಯಾಯಿತು. ಆಸ್ಟ್ರೇಲಿಯದ ಲಿಫ್ಟ್‌ಮೋರ್ ಪ್ರಯೋಗವು ಇನ್ನೂ ಧೈರ್ಯದ್ದು. ಮೂಳೆ ತೆಳುವಾಗಿದ್ದ, ಋತುಬಂಧ ದಾಟಿದ 101 ಮಹಿಳೆಯರಲ್ಲಿ ಒಂದು ತಂಡವು ತಜ್ಞರ ಕಣ್ಗಾವಲಿನಲ್ಲಿ ವಾರಕ್ಕೆರಡು ಬಾರಿ, ಅರ್ಧ ಗಂಟೆ, ನಿಜವಾಗಿಯೂ ಭಾರವಾದ ತೂಕಗಳನ್ನು ಎತ್ತಿತು. ಎಂಟು ತಿಂಗಳಲ್ಲಿ ಆ ತಂಡದವರ ಸೊಂಟಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತು. ವ್ಯಾಯಾಮದಿಂದ ಕಂಡ ತೊಂದರೆ ಒಬ್ಬರ ಸಣ್ಣ ಬೆನ್ನುಸೆಳೆತ ಮಾತ್ರ.

ಅಭ್ಯಾಸ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮವನ್ನೂ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಶಿಫಾರಸು ಮಾಡುತ್ತದೆ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಮೈಯನ್ನು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಆರಂಭಕ್ಕೆ ಸಾಕು.

ಮನೆಗೆಲಸವೇ ವ್ಯಾಯಾಮವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ರಾಗಿ ಬೀಸುವುದು, ಒನಕೆಯಿಂದ ಕುಟ್ಟುವುದು, ಬಾವಿಯಿಂದ ನೀರು ಸೇದುವುದು ಸ್ನಾಯುಗಳಿಗೆ ನಿಜವಾದ ಭಾರವಾಗಿದ್ದವು. ಮಿಕ್ಸಿ, ನಲ್ಲಿಗಳ ಕಾಲದ ಮನೆಗೆಲಸ ದಣಿಸಬಲ್ಲದು. ಆದರೆ ಅದರಲ್ಲಿ ಭಾರ ಏರುತ್ತ ಹೋಗುವುದಿಲ್ಲವಾದ್ದರಿಂದ ಬಲ ಹೆಚ್ಚುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನ್ ಶಿಫಾರಸು ಮಾಡಿದೆ. ವೃದ್ಧಾಪ್ಯದ ಪೋಷಣೆಯ ತಜ್ಞರು ಹಿರಿಯರಿಗೆ 1ರಿಂದ 1.2 ಗ್ರಾಂ ಸೂಚಿಸುತ್ತಾರೆ. ಅನ್ನಸಾರು ಪ್ರಧಾನವಾದ ಊಟದಲ್ಲಿ ಇದು ಒದಗಲು ಬೇಳೆ, ಕಾಳು, ಮೊಸರು, ಮೊಟ್ಟೆಗಳ ಪ್ರಮಾಣ ಹೆಚ್ಚಬೇಕಾಗುತ್ತದೆ. ಮೂತ್ರಪಿಂಡದ ಕಾಯಿಲೆಯಿರುವವರಿಗೆ ಈ ಪ್ರಮಾಣ ಅನ್ವಯಿಸದು.

ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚಿನ ಹೃದಯಾಘಾತ ಅಥವಾ ಮೂಳೆಮುರಿತವಿದ್ದಲ್ಲಿ ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುವುದರಿಂದ, ಎತ್ತುತ್ತ ಉಸಿರು ಬಿಡುವುದು ರೂಢಿ. ಮೂಳೆ ಟೊಳ್ಳಾಗಿರುವವರು ಬೆನ್ನನ್ನು ಮುಂದಕ್ಕೆ ಬಗ್ಗಿಸಿ ಭಾರ ಎತ್ತುವುದನ್ನು ತಪ್ಪಿಸಬೇಕು.