ಜನಪದೋದ್ಧ್ವಂಸವೂ ಜನರ ನಂಬುಗೆಯೂ

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಮನುಷ್ಯರ ಪ್ರಕೃತಿ, ಆಹಾರ, ದೇಹಬಲ, ವಯಸ್ಸು ಇವೆಲ್ಲವೂ ಭಿನ್ನಭಿನ್ನವಾಗಿರುವಾಗ, ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಡಿಗೆ ನಾಡೇ ಹಾಳಾಗುವುದು ಹೇಗೆಂದು ಅಗ್ನಿವೇಶನು ಅಲ್ಲಿ ಗುರುವಾದ ಆತ್ರೇಯನನ್ನು ಕೇಳುತ್ತಾನೆ. ವಾಯು, ಜಲ, ದೇಶ, ಕಾಲ ಈ ನಾಲ್ಕೂ ಸರ್ವರಿಗೂ ಸಮಾನವಾದುವು; ಅವು ಕೆಟ್ಟರೆ ಎಲ್ಲರೂ ಕೆಡುವರೆಂದು ಗುರುವು ಉತ್ತರ ಕೊಟ್ಟು, ಅವು ಕೆಡುವುದಕ್ಕೆ ನಾಡಿನ ಮುಖ್ಯಸ್ಥರ ಅಧರ್ಮವೇ ಮೂಲವೆಂದು ಮುಂದುವರಿಯುತ್ತಾನೆ. ಪ್ರಾಚೀನರು ಸೂಕ್ಷ್ಮಜೀವಿಗಳನ್ನು ಅರಿತವರಲ್ಲ. ಆದರೆ ಇಂಥ ವ್ಯಾಧಿಯು ಒಬ್ಬೊಬ್ಬನ ದೇಹಕ್ಕೆ ಸಂಬಂಧಿಸಿದುದಲ್ಲ, ಸಮಾಜಕ್ಕೆ ಸಂಬಂಧಿಸಿದುದು ಎಂಬುದನ್ನು ಚೆನ್ನಾಗಿ ಅರಿತಿದ್ದರು. 1898ರಿಂದ ಈಚಿನ ನಮ್ಮ ಸೀಮೆಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಬೇಲೂರು, ಹಳೇಬೀಡುಗಳ ಕೀರ್ತಿ ಶಿಲೆಯಿಂದ ಬಂದುದು. ಅರಸೀಕೆರೆಯ ಈಚಿನ ಕೀರ್ತಿ ರೈಲಿನಿಂದ ಬಂದುದು. ಬೆಂಗಳೂರಿನಿಂದ ಹೊರಟ ಕಂಬಿಯು ತುಮಕೂರು, ಅರಸೀಕೆರೆ, ಬೀರೂರುಗಳನ್ನು ಹಾದು 1889ರ ವೇಳೆಗೆ ಹರಿಹರವನ್ನು ಮುಟ್ಟಿ ಹುಬ್ಬಳ್ಳಿಯ ಕಡೆಗೆ ಕೂಡಿಕೊಂಡಿತು. ತೆಂಗು, ಕೊಬ್ಬರಿ, ರಾಗಿಗಳ ವ್ಯಾಪಾರಕ್ಕೆ ಇದರಿಂದ ಆದ ಉಪಕಾರ ಬಹಳ. ಆದರೆ ಧಾನ್ಯದ ಚೀಲಕ್ಕೆ ತೆರೆದ ಬಾಗಿಲು ಚೀಲದೊಳಗಿನ ಇಲಿಗೂ ತೆರೆದುದೇ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ ಹುಬ್ಬಳ್ಳಿಗಳಿಗೆ ಇಳಿದು, 1898ರ ಆಗಸ್ಟಿನಲ್ಲಿ ಇದೇ ಕಂಬಿಯ ಹಾದಿಯಾಗಿ ಬೆಂಗಳೂರನ್ನು ಸೇರಿತು.

ಮೈಸೂರು ಸರ್ಕಾರವು ಸುಮ್ಮನಿರಲಿಲ್ಲ. ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕವಾಸ, ಮನೆಗಳ ಶುದ್ಧೀಕರಣ ಇವೆಲ್ಲ ನಡೆದುವು. ಉದ್ದೇಶವು ಒಳ್ಳೆಯದೇ, ಕ್ರಮವು ಮಾತ್ರ ಕಠಿನವಾಗಿದ್ದಿತು. ಹೆಂಗಸರ ಮೈಯನ್ನು ಪರಕೀಯರು ಮುಟ್ಟುವರೆಂಬ ಭಯ, ಕೊಂಡೊಯ್ದ ರೋಗಿಯು ಹಿಂದಿರುಗನೆಂಬ ಭಯ ಜನರನ್ನು ಕಾಡಿದುವು. ಪುಣೆಯಲ್ಲಿ ಪ್ಲೇಗಿನ ಅಧಿಕಾರಿಯಾಗಿದ್ದ ರ್‍ಯಾಂಡನು 1897ರಲ್ಲಿ ಗುಂಡಿಗೆ ಬಲಿಯಾದನು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ 1898ರಲ್ಲಿ ದಂಗೆಯೇ ಎದ್ದಿತು. ದಂಗೆಯೇಳಲಾರದವರು ರೋಗಿಯನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗವು ನೆರೆಮನೆಗೆ ಹಬ್ಬಿತು. ಬಲಾತ್ಕಾರದಿಂದ ನಂಬುಗೆ ಕೆಟ್ಟರೆ ಔಷಧವೂ ಕೆಲಸ ಮಾಡದೆಂಬ ಪಾಠವನ್ನು ಸರ್ಕಾರಗಳು ಆಗ ಬಹಳ ಬೆಲೆ ಕೊಟ್ಟು ಕಲಿತುವು.

ಇದೇ ಕಾಲದಲ್ಲಿ ಹಳ್ಳಿಗರು ತಾವೇ ಒಂದು ಉಪಾಯವನ್ನು ಹಿಡಿದರು. ಮನೆಯಲ್ಲಿ ಇಲಿ ಬಿದ್ದರೆ ಊರನ್ನು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿ ರೋಗ ಅಡಗುವವರೆಗೆ ಅಲ್ಲಿರುವುದು. ಇಲಿಯ ಮೈಯ ಚಿಗಟದಿಂದ ಪ್ಲೇಗು ಮನುಷ್ಯನಿಗೆ ತಗಲುವುದೆಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದಾಗ, ಆ ಉಪಾಯವು ಯುಕ್ತವೇ ಎಂದು ಸಿದ್ಧಪಟ್ಟಿತು. ಆದರೆ ಗುಡಿಸಲು ಹಾಕಲು ಹೊಲ ಬೇಕು. ತಿಂಗಳುಗಟ್ಟಲೆ ಕುಳಿತು ಉಣ್ಣಲು ಕಣಜದಲ್ಲಿ ಕಾಳು ಬೇಕು. ಇವೆರಡೂ ಇಲ್ಲದವನಿಗೆ ಊರು ಬಿಡುವುದೂ ಕಷ್ಟ, ಇರುವುದೂ ಕಷ್ಟ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲೇ ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರು. ಅವರ ‘ಗೃಹಭಂಗ’ ಕಾದಂಬರಿಯು 1970ರಲ್ಲಿ ಪ್ರಕಟವಾಯಿತು. ಒಂದು ಬಡ ಸಂಸಾರದಲ್ಲಿ ಈ ಮಾರಿಯು ಮಾಡಿದ ಹಾಳನ್ನು ಅರಿಯಬೇಕಾದವರಿಗೆ ಸರ್ಕಾರದ ಯಾವ ವರದಿಗಿಂತಲೂ ಅದು ಹೆಚ್ಚು ತಿಳಿಸುತ್ತದೆ.

1918ರಲ್ಲಿ ಬಂದ ಇನ್‌ಫ್ಲುಯೆಂಜಾ ಮತ್ತೊಂದು ಬಗೆಯ ಶತ್ರು. ಇಲಿಯು ಬಿದ್ದು ಮುನ್ಸೂಚನೆ ಕೊಡಲಿಲ್ಲ. ಉಸಿರಿನಿಂದ ಹರಡುವ ಜ್ವರವಾದುದರಿಂದ, ಊರನ್ನು ಬಿಟ್ಟು ಹೋದವರು ಅದನ್ನೂ ಜೊತೆಯಲ್ಲೇ ಒಯ್ದರು. ಪ್ಲೇಗಿಗೆ ಒದಗಿದ ಉಪಾಯವು ಇದಕ್ಕೆ ಒದಗಲಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದಿತು. ಭರತಖಂಡದಲ್ಲಿ ಒಂದು ಕೋಟಿಗೂ ಮಿಕ್ಕ ಜನ ಸತ್ತರು. ಅವರಲ್ಲಿ ಗಟ್ಟಿಮುಟ್ಟಾದ ಪ್ರಾಯದವರೇ ಹೆಚ್ಚು, ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಹೆಂಗಸರು ಇನ್ನೂ ಹೆಚ್ಚು. 1911ರಿಂದ 1921ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯು ಬೆಳೆಯದೆ ತುಸು ಕುಗ್ಗಿತೆಂಬುದು ಜನಗಣತಿಯ ಸಾಕ್ಷ್ಯ.

ಶತಮಾನವೊಂದು ಕಳೆದ ತರುವಾಯ, 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ದೇಶಕ್ಕೆಲ್ಲ ಬೀಗ ಬಿದ್ದಿತು. ಯುದ್ಧಕಾಲದಲ್ಲೂ ನಿಲ್ಲದಿದ್ದ ಪ್ರಯಾಣಿಕರ ರೈಲುಗಳು ನಿಂತು ಅರಸೀಕೆರೆಯ ಜಂಕ್ಷನ್ ಮೌನವಾಯಿತು. ಬೇಲೂರು, ಹಳೇಬೀಡುಗಳ ದೇವಾಲಯಗಳು ಅದಕ್ಕೂ ಒಂದು ವಾರ ಮೊದಲೇ ಪ್ರವಾಸಿಗರಿಗೆ ಮುಚ್ಚಿದ್ದುವು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ತೇರಿನ ಮಾಸವಾದ ಚೈತ್ರವು ಆ ವರ್ಷ ನಿರ್ಬಂಧದೊಳಗೇ ಬಂದು ಕಳೆಯಿತು. ಶಿಲ್ಪವನ್ನು ವಿವರಿಸಿ ಹೊಟ್ಟೆ ಹೊರೆಯುವ ಮಾರ್ಗದರ್ಶಿ, ಗುಡಿಯ ಮುಂದೆ ಹೂವು ಕಾಯಿ ಮಾರುವವಳು, ದಿನಗೂಲಿಯವನು ಇವರಿಗೆ ರೋಗಕ್ಕಿಂತ ಮೊದಲು ಹಸಿವಿನ ಚಿಂತೆ. ಹೊಲವಿಲ್ಲದವನಿಗೆ ಗುಡಿಸಲಿಲ್ಲದ ಪ್ಲೇಗಿನ ಕಾಲದ ಕಷ್ಟವೇ ಬೇರೊಂದು ವೇಷದಲ್ಲಿ ಬಂದುದು ಇದು. 2021ರ ಎರಡನೆಯ ಅಲೆಯಲ್ಲಿ ದೇಶದ ಅನೇಕ ಕಡೆ ರೋಗಿಗಳಿಗೆ ಪ್ರಾಣವಾಯುವೇ ದೊರೆಯದೆ ಹೋಯಿತು. ಎಲ್ಲರಿಗೂ ಸಮಾನವೆಂದು ಆತ್ರೇಯನು ಎಣಿಸಿದ ವಾಯುವು ಸಮಾನವಾಗಿ ಉಳಿಯಲಿಲ್ಲ.

ಆದರೂ ಆಶೆಗೆ ಆಧಾರಗಳುಂಟು. ಹಾಫ್ಕಿನನು 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಜನರ ಶಂಕೆಯನ್ನು ಕಳೆಯಲು ಯತ್ನಿಸಿದನು. 2021ರ ಜನವರಿ 16ರಿಂದ ದೇಶದಲ್ಲಿ ಲಸಿಕೆ ಹಾಕುವ ಕೆಲಸ ಮೊದಲಾದಾಗ, ಆಶಾ ಕಾರ್ಯಕರ್ತೆಯರು ಬಲಾತ್ಕಾರದಿಂದಲ್ಲದೆ ಮನೆಮನೆಯ ಪರಿಚಯದಿಂದಲೇ ಶಂಕೆಯನ್ನು ಕಳೆದರು. ಅವರು ಅದೇ ಊರಿನ ಹೆಣ್ಣುಮಕ್ಕಳು. ಅವರ ಮಾತಿಗೆ ಬಾಗಿಲು ತೆರೆಯಿತು. 1898ರಲ್ಲಿ ಅಧಿಕಾರಿಗೆ ಇಲ್ಲದೆ ಹೋದ ಬಲ ಇದೇ.

1311ರ ದಾಳಿಯನ್ನು ಕಂಡ ದ್ವಾರಸಮುದ್ರವು ಹಳೆಯ ಬೀಡಾಯಿತು. ಆದರೆ ಊರು ಅಳಿಯಲಿಲ್ಲ. ಪಿಡುಗುಗಳೂ ದಾಳಿಗಳಂತೆ ಬಂದು ಹೋಗುವುವು, ಮತ್ತೆ ಬರುವುವು. ಮುಂದಿನದು ಯಾವ ರೂಪದಲ್ಲಿ ಬರುವುದೆಂದು ಹೇಳಬಲ್ಲವರಿಲ್ಲ. ಅದು ಬರುವ ಮೊದಲೇ ಬಡವನ ಕಣಜದಲ್ಲಿ ಕಾಳೂ, ಹಳ್ಳಿಯ ಆಸ್ಪತ್ರೆಯಲ್ಲಿ ವೈದ್ಯನೂ, ಆಳುವವರ ಮಾತಿನಲ್ಲಿ ಸತ್ಯವೂ ಇರುವಂತೆ ನೋಡಿಕೊಳ್ಳುವುದು ನಾಡಿನ ಮುಖ್ಯಸ್ಥರ ಧರ್ಮ. ಅದನ್ನು ಕೇಳಿ ಪಡೆಯುವುದು ಪ್ರಜೆಗಳ ಧರ್ಮ.