ಜೆನಿಫರ್ (ಹೆಸರು)

ಜೆನಿಫರ್ ಎಂಬುದು ಮುಖ್ಯವಾಗಿ ಇಂಗ್ಲಿಷ್ ಭಾಷಿಕ ದೇಶಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಒಂದು ಹೆಸರು. 1970ರಿಂದ 1984ರವರೆಗೆ ಸತತ 15 ವರ್ಷಗಳ ಕಾಲ ಇದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನವಜಾತ ಹೆಣ್ಣುಶಿಶುಗಳಿಗೆ ಅತಿ ಹೆಚ್ಚಾಗಿ ಇಡಲಾದ ಹೆಸರಾಗಿತ್ತು. ಅನಂತರ ಇದರ ಬಳಕೆ ಕ್ರಮೇಣ ಇಳಿಯುತ್ತ ಬಂದಿತು. ಹೆಸರುಗಳೂ ಉಡುಗೆತೊಡುಗೆಗಳಂತೆ ಅಭಿರುಚಿಯ ಬದಲಾವಣೆಗೆ ಒಳಗಾಗುತ್ತವೆ ಎಂಬುದಕ್ಕೆ ಇದನ್ನು ಪ್ರಮುಖ ನಿದರ್ಶನವಾಗಿ ಉಲ್ಲೇಖಿಸಲಾಗುತ್ತದೆ.

ವ್ಯುತ್ಪತ್ತಿ

ಜೆನಿಫರ್ ಎಂಬುದು ಗ್ವಿನೆವಿಯರ್ ಎಂಬ ಹೆಸರಿನ ಕಾರ್ನಿಷ್ ರೂಪ. ಗ್ವಿನೆವಿಯರ್ ಬ್ರಿಟನ್ನಿನ ಐತಿಹ್ಯಗಳಲ್ಲಿ ಬರುವ ಆರ್ಥರ್ ದೊರೆಯ ರಾಣಿ. ವೆಲ್ಷ್ ಭಾಷೆಯಲ್ಲಿ ಆಕೆಯ ಹೆಸರು ಗ್ವೆನ್‌ಹ್ವಿವರ್. ಅದರ ಮೊದಲ ಭಾಗಕ್ಕೆ ‘ಬಿಳಿಯ’, ‘ಶುಭ್ರವಾದ’ ಎಂಬ ಅರ್ಥಗಳಿವೆ. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ಆಚೆಗೆ ಈ ರೂಪ ಬಹುಕಾಲ ಅಪರಿಚಿತವಾಗಿಯೇ ಉಳಿದಿತ್ತು. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1906ರಲ್ಲಿ ರಂಗಕ್ಕೆ ಬಂದ ‘ದ ಡಾಕ್ಟರ್ಸ್ ಡೈಲೆಮಾ’ ನಾಟಕದಲ್ಲಿ ನಾಯಕಿಗೆ ಜೆನಿಫರ್ ಎಂದು ಹೆಸರಿಟ್ಟ ಬಳಿಕ ಅದು ಹೆಚ್ಚು ಜನರಿಗೆ ಪರಿಚಿತವಾಯಿತು.

ಏರಿಕೆ

ಇಂಗ್ಲೆಂಡಿನಲ್ಲಿ 20ನೇ ಶತಮಾನದ ಮಧ್ಯಭಾಗದ ವೇಳೆಗಾಗಲೇ ಈ ಹೆಸರು ಜನಪ್ರಿಯವಾಗಿತ್ತು. ಭಾರತೀಯ ಪ್ರೇಕ್ಷಕರಿಗೆ ಪರಿಚಿತರಾದ ನಟಿ, ಶಶಿ ಕಪೂರ್ ಅವರ ಪತ್ನಿ ಜೆನಿಫರ್ ಕೆಂಡಲ್ 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದವರು.

ಅಮೆರಿಕದಲ್ಲಿ ಏರಿಕೆ ತಡವಾಗಿ ಆರಂಭವಾಯಿತು. ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆಯು 1880ರಿಂದೀಚಿನ ಜನನಗಳಿಗೆ ಸಂಬಂಧಿಸಿದ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿದೆ. ಅದರ ಪ್ರಕಾರ ಜೆನಿಫರ್ ಮೊದಲ ಸಾವಿರ ಹೆಸರುಗಳೊಳಗೆ ಪ್ರವೇಶಿಸಿದ್ದು 1938ರಲ್ಲಿ. ಫಿಲಿಸ್ ಐಲಿ ಎಂಬ ನಟಿ ಜೆನಿಫರ್ ಜೋನ್ಸ್ ಎಂಬ ತೆರೆಹೆಸರಿನಿಂದ ನಟಿಸಿ, ‘ದ ಸಾಂಗ್ ಆಫ್ ಬರ್ನಡೆಟ್’ (1943) ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದದ್ದು ಹೆಸರಿಗೆ ಇನ್ನಷ್ಟು ಪ್ರಚಾರ ನೀಡಿತು. 1966ರಲ್ಲಿ ಅದು ಮೊದಲ ಹತ್ತು ಹೆಸರುಗಳಲ್ಲಿ ಒಂದಾಯಿತು. 1970ರಲ್ಲಿ ಲೀಸಾ ಎಂಬ ಹೆಸರನ್ನು ಹಿಂದಿಕ್ಕಿ ಅಗ್ರಸ್ಥಾನಕ್ಕೇರಿತು.

ಉತ್ತುಂಗ

1972 ಮತ್ತು 1974ರಲ್ಲಿ ತಲಾ 63,000ಕ್ಕೂ ಹೆಚ್ಚು ಶಿಶುಗಳಿಗೆ ಈ ಹೆಸರನ್ನಿಡಲಾಯಿತು. ಅಂದರೆ ಆಗ ಹುಟ್ಟಿದ ಪ್ರತಿ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ನಾಲ್ವರು ಜೆನಿಫರ್‌ಗಳು. 1970ರ ದಶಕದಲ್ಲಿ ಒಟ್ಟು 5,80,000ಕ್ಕೂ ಹೆಚ್ಚು ಮಕ್ಕಳು ಈ ಹೆಸರು ಪಡೆದರು. ಎರಡನೇ ಸ್ಥಾನದಲ್ಲಿದ್ದ ಏಮಿ ಎಂಬ ಹೆಸರಿನ ಸಂಖ್ಯೆ ಇದರ ಅರ್ಧಕ್ಕಿಂತಲೂ ಕಡಿಮೆ. ಒಂದೇ ತರಗತಿಯಲ್ಲಿ ಹಲವು ಜೆನಿಫರ್‌ಗಳಿದ್ದುದರಿಂದ ಕುಲನಾಮದ ಮೊದಲಕ್ಷರ ಸೇರಿಸಿ, ಇಲ್ಲವೆ ಜೆನ್, ಜೆನ್ನಿ ಎಂದು ಮೊಟಕುಗೊಳಿಸಿ ಮಕ್ಕಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತಿತ್ತು.

ಕಾರಣಗಳ ವಿಶ್ಲೇಷಣೆ

ಈ ಜನಪ್ರಿಯತೆಗೆ ‘ಲವ್ ಸ್ಟೋರಿ’ ಚಲನಚಿತ್ರವೇ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಅದರ ನಾಯಕಿಯ ಹೆಸರು ಜೆನಿಫರ್ ಕ್ಯಾವಲೆರಿ. ಆದರೆ ಕಾಲಾನುಕ್ರಮವನ್ನು ಗಮನಿಸಿದರೆ ಈ ಅಭಿಪ್ರಾಯ ಪೂರ್ಣವಾಗಿ ನಿಲ್ಲುವುದಿಲ್ಲ. ಎರಿಕ್ ಸೀಗಲ್ ಅವರ ಅದೇ ಹೆಸರಿನ ಕಾದಂಬರಿ ಪ್ರಕಟವಾದದ್ದು 1970ರ ಫೆಬ್ರವರಿಯಲ್ಲಿ; ಚಿತ್ರ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹೆಸರಾದರೋ ನಾಲ್ಕು ವರ್ಷ ಮೊದಲೇ ಮೊದಲ ಹತ್ತರೊಳಗಿತ್ತು. ಮುಂದಿನ ಎರಡು ವರ್ಷಗಳಲ್ಲಿ ಕಂಡುಬಂದ ತೀವ್ರ ಹೆಚ್ಚಳಕ್ಕೆ ಚಿತ್ರ ಇಂಬುಕೊಟ್ಟಿರಬಹುದು. ಏರಿಕೆಯನ್ನು ಆರಂಭಿಸಿದ್ದು ಅದಲ್ಲ.

ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ‘ಎ ಮ್ಯಾಟರ್ ಆಫ್ ಟೇಸ್ಟ್’ (2000) ಗ್ರಂಥದಲ್ಲಿ ಹೆಸರುಗಳ ಏರಿಳಿತವನ್ನು ವಿವರಿಸಲು ಹೊರಗಿನ ಘಟನೆಗಳಷ್ಟೇ ಸಾಲವು, ಅಭಿರುಚಿಯು ತನ್ನದೇ ಆಂತರಿಕ ನಿಯಮಗಳಿಂದಲೂ ಬದಲಾಗುತ್ತದೆ ಎಂದು ಪ್ರತಿಪಾದಿಸಿದ್ದಾರೆ.

ಇಳಿಕೆ

1985ರಲ್ಲಿ ಜೆಸ್ಸಿಕಾ ಅಗ್ರಸ್ಥಾನ ಪಡೆಯಿತು. 1988ರಲ್ಲಿ ಪ್ರಕಟವಾದ, ಹೆಸರು ಆಯ್ಕೆಯ ಕೈಪಿಡಿಯೊಂದರ ಶೀರ್ಷಿಕೆಯೇ ‘ಬಿಯಾಂಡ್ ಜೆನಿಫರ್ ಆಂಡ್ ಜೇಸನ್’ ಎಂದಿತ್ತು. ಜೆನಿಫರ್ ಎಂಬುದು ಅತಿ ಸಾಮಾನ್ಯ ಹೆಸರಿಗೆ ಪರ್ಯಾಯಪದವಾಗಿದ್ದುದನ್ನು ಇದು ಸೂಚಿಸುತ್ತದೆ. 2010ರ ದಶಕದಲ್ಲಿ ಹೆಸರು ಮೊದಲ ನೂರರಿಂದಲೂ ಹೊರಗುಳಿಯಿತು.

ಈ ಇಳಿಕೆಗೆ ಯಾವುದೇ ಅಪಖ್ಯಾತಿ ಕಾರಣವಲ್ಲ. 1994ರಲ್ಲಿ ಆರಂಭವಾದ ‘ಫ್ರೆಂಡ್ಸ್’ ದೂರದರ್ಶನ ಧಾರಾವಾಹಿಯಿಂದ ಜೆನಿಫರ್ ಅನಿಸ್ಟನ್ ಅಪಾರ ಖ್ಯಾತಿ ಗಳಿಸಿದರು. ಅವರ ಕೇಶವಿನ್ಯಾಸವನ್ನು ಅನೇಕರು ಅನುಕರಿಸಿದರೂ ಹೆಸರಿನ ಇಳಿಕೆ ನಿಲ್ಲಲಿಲ್ಲ. ಒಂದು ಕಾಲಕ್ಕೆ ಅಪರೂಪವೆಂಬ ಕಾರಣದಿಂದ ಆಕರ್ಷಕವಾಗಿದ್ದ ಹೆಸರು ಎಲ್ಲೆಡೆ ಕೇಳಿಬಂದಾಗ ಆ ಆಕರ್ಷಣೆಯನ್ನು ಕಳೆದುಕೊಂಡಿತು. ಹೀಗಾಗಿ ಅಮೆರಿಕದಲ್ಲಿ ಇಂದು ಈ ಹೆಸರು ವ್ಯಕ್ತಿಯನ್ನಷ್ಟೇ ಅಲ್ಲದೆ ಆಕೆಯ ತಲೆಮಾರನ್ನೂ ಸೂಚಿಸುತ್ತದೆ.

ಈ ಹೆಸರಿನ ಪ್ರಸಿದ್ಧ ವ್ಯಕ್ತಿಗಳು

ಜೆನಿಫರ್ ಡೌಡ್ನಾ (ಜನನ 1964) – ಜೀವರಸಾಯನ ವಿಜ್ಞಾನಿ. 2020ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕೃತೆ
ಜೆನಿಫರ್ ಲೋಪೆಜ್ (ಜನನ 1969) – ಗಾಯಕಿ, ನಟಿ
ಜೆನಿಫರ್ ಅನಿಸ್ಟನ್ (ಜನನ 1969) – ನಟಿ
ಜೆನಿಫರ್ ಲಾರೆನ್ಸ್ (ಜನನ 1990) – ನಟಿ